ಜೋಳದ ನಾಡಿನಲ್ಲಿ ಭತ್ತದ ದೇವತೆ

ಅನ್ನವನ್ನು ದೇವರೆಂದು ಕಾಣುವುದು ನಮ್ಮ ಜನಕ್ಕೆ ಹೊಸದಲ್ಲ. ಎಲೆಯ ಹೊರಗೆ ಬಿದ್ದ ಅಗುಳನ್ನು ಎತ್ತಿ ಕಣ್ಣಿಗೊತ್ತಿಕೊಳ್ಳುವ ಹಿರಿಯರನ್ನು ನನ್ನ ವಾರಿಗೆಯವರೆಲ್ಲರೂ ಕಂಡಿದ್ದಾರೆ. ಅನ್ನವನ್ನು ಬ್ರಹ್ಮವೆಂದು ತಿಳಿಯಬೇಕು, ಅದನ್ನು ನಿಂದಿಸಬಾರದು ಎಂದು ತೈತ್ತಿರೀಯ ಉಪನಿಷತ್ತು ಬೋಧಿಸುತ್ತದೆ. ಆದರೆ ನಮ್ಮ ಕೊಪ್ಪಳ ಸೀಮೆಯ ಮಟ್ಟಿಗೆ ಇದರಲ್ಲಿ ಒಂದು ಸೋಜಿಗವಿದೆ. ನಮ್ಮದು ಜೋಳ, ಸಜ್ಜೆ, ನವಣೆಗಳ ನಾಡು. ನಾನು ಬಾಲಕನಾಗಿದ್ದಾಗ ಕಿನ್ನಾಳದ ಬಹುಪಾಲು ಮನೆಗಳಲ್ಲಿ ಅನ್ನವೆಂಬುದು ಹಬ್ಬದ ಅಡುಗೆಯಾಗಿತ್ತು. ಮದುವೆಯ ಅಕ್ಷತೆಗೂ ಅರಿಸಿನ ಹಚ್ಚಿದ ಬಿಳಿಜೋಳವನ್ನೇ ಬಳಸಿ, ಅದನ್ನು ‘ಅಕ್ಕಿಕಾಳು’ ಎಂದು ಕರೆಯುವ ಮನೆಗಳಿದ್ದವು. ಕೈಯಲ್ಲಿದ್ದುದು ಜೋಳ, ಬಾಯಲ್ಲಿದ್ದುದು ಅಕ್ಕಿ! ಹೆಸರು ಒಂದು, ವಸ್ತು ಇನ್ನೊಂದು ಆಗಿರುವ ಈ ಸಣ್ಣ ಸಂಗತಿಯ ಹಿಂದೆ ದೊಡ್ಡದೊಂದು ಚರಿತ್ರೆ ಅಡಗಿದೆ. ಧಾನ್ಯದ ದೇವತೆಗಳಿಗೆ ವೈದಿಕ ಮತ್ತು ಬೌದ್ಧ ಪರಂಪರೆಗಳು ಏನನ್ನು ಕೊಟ್ಟವು, ಒಕ್ಕಲಿಗನಲ್ಲಿ ಮೊದಲೇ ಇದ್ದುದು ಏನು ಎಂಬ ಬಗ್ಗೆ ನಾಲ್ಕು ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಿನ್ನಾಳದ ಹೆಸರು ಕೇಳಿದೊಡನೆ ಓದುಗರಿಗೆ ನೆನಪಾಗುವುದು ಇಲ್ಲಿನ ಚಿತ್ರಗಾರರ ಕಟ್ಟಿಗೆಯ ಕಲೆ. ಅವರು ಒಂದು ಮೂರ್ತಿಯನ್ನು ಮಾಡುವ ಕ್ರಮವನ್ನು ನೋಡಿ. ಮೊದಲು ಹಗುರವಾದ ಪೊಳಕಿ ಮರದಲ್ಲಿ ಆಕಾರವನ್ನು ಕಡೆಯುತ್ತಾರೆ. ಹುಣಸೆಬೀಜದ ಅಂಟಿನೊಡನೆ ಕಟ್ಟಿಗೆಯ ಹೊಟ್ಟು, ಗೋಣಿಯ ನಾರು ಬೆರೆಸಿದ ‘ಕಿಟ್ಟ’ದಿಂದ ಸಂದುಗಳನ್ನು ತುಂಬಿ ಉಬ್ಬುತಗ್ಗುಗಳನ್ನು ಮೂಡಿಸುತ್ತಾರೆ. ಅದರ ಮೇಲೆ ಬಿಳಿಯ ಲೇಪ, ಬಳಿಕ ಬಣ್ಣ, ಕಡೆಯಲ್ಲಿ ಚಿನ್ನದಂತೆ ಹೊಳೆಯುವ ಲಾಜವಾರದ ಕೆಲಸ. ಬಣ್ಣ ಮುಗಿದ ಮೇಲೆ ಒಳಗಿನ ಮರ ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಮೂರ್ತಿಯನ್ನು ನಿಲ್ಲಿಸಿರುವುದು ಆ ಮರವೇ. ನಮ್ಮ ಬೇಸಾಯದ ದೇವತೆಗಳ ಕಥೆಯೂ ಇದೇ ಕ್ರಮದಲ್ಲಿ ಬೆಳೆದು ಬಂದಿದೆ.

ಮೊದಲು ಒಳಗಿನ ಮರವನ್ನು ನೋಡೋಣ. ಬಳ್ಳಾರಿ ಸಮೀಪದ ಸಂಗನಕಲ್ಲು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ದೊರೆತ ಸುಟ್ಟ ಕಾಳುಗಳನ್ನು ವಿದ್ವಾಂಸರು ಪರೀಕ್ಷಿಸಿದ್ದಾರೆ. ಸುಮಾರು 4000 ವರ್ಷಗಳ ಹಿಂದೆ ಇಲ್ಲಿನ ಜನರ ಮುಖ್ಯ ಆಹಾರ ಕೊರಲೆಯಂಥ ಕಿರುಧಾನ್ಯಗಳು, ಹುರುಳಿ ಮತ್ತು ಹೆಸರು. ಭತ್ತ ಈ ಭಾಗಕ್ಕೆ ಬಂದದ್ದು ತಡವಾಗಿ. ನಾವು ನಮ್ಮದೇ ಎಂದು ಹೆಮ್ಮೆಪಡುವ ಜೋಳವೂ ರಾಗಿಯೂ ಮೂಲತಃ ಆಫ್ರಿಕಾದಿಂದ ಬಂದವು. ಹಾಗೆ ನೋಡಿದರೆ ಈ ಮಣ್ಣಿನಲ್ಲಿ ಭತ್ತವೂ ಅತಿಥಿ, ಜೋಳವೂ ಅತಿಥಿ. ಭತ್ತಕ್ಕೆ ಹಳಗನ್ನಡದ ಹೆಸರು ‘ನೆಲ್’, ಮಲೆನಾಡಿನಲ್ಲಿ ಇಂದಿಗೂ ಅದು ನೆಲ್ಲು. ‘ಭತ್ತ’ ಎಂಬುದಾದರೋ ಸಂಸ್ಕೃತದ ‘ಭಕ್ತ’ ಶಬ್ದದಿಂದ ಪ್ರಾಕೃತದ ಮೂಲಕ ಬಂದ ತದ್ಭವ. ಅದರ ಅರ್ಥ ಪಾಲು, ಬಡಿಸಿದ ಅನ್ನ. ಪಾಳಿಯಲ್ಲಿ ಭಿಕ್ಷುಗಳಿಗೆ ನೀಡುವ ಊಟಕ್ಕೆ ‘ಭತ್ತ’ವೆಂದೇ ಹೆಸರು. ಹಂಚಿ ಉಣ್ಣುವ ಅರ್ಥ ಆ ಶಬ್ದದ ಹೊಟ್ಟೆಯಲ್ಲೇ ಇದೆ ಎಂಬುದನ್ನು ಓದುಗರು ದಯವಿಟ್ಟು ನೆನಪಿಡಬೇಕು, ಮುಂದೆ ಪ್ರಯೋಜನಕ್ಕೆ ಬರುತ್ತದೆ.

ಧಾನ್ಯಗಳು ಬದಲಾದರೂ ಒಕ್ಕಲಿಗನ ಆಚರಣೆಗಳು ಒಂದು ಗಟ್ಟಿಯಾದ ತಿಳಿವಳಿಕೆಯ ಮೇಲೆ ನಿಂತಿವೆ. ಭೂಮಿ ತಾಯಿ, ತೆನೆ ಹೊತ್ತ ಹೊಲ ಬಸಿರಿ. ಸೀಗೆ ಹುಣ್ಣಿಮೆ ಮತ್ತು ಎಳ್ಳಮಾವಾಸ್ಯೆಗಳಂದು ನಮ್ಮವರು ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಸಜ್ಜೆರೊಟ್ಟಿ, ಕಡುಬು, ಪುಂಡಿಪಲ್ಯ, ಎಳ್ಳುಹೋಳಿಗೆಗಳನ್ನು ಎಡೆಮಾಡಿ, ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುವುದು ಆ ಬಸಿರಿಯ ಬಯಕೆ ತೀರಿಸಲಿಕ್ಕೆ. ಮಲೆನಾಡಿನ ಭತ್ತದ ಗದ್ದೆಗಳಲ್ಲಿ ಇದೇ ಸೀಗೆ ಹುಣ್ಣಿಮೆ ಭೂಮಿಹುಣ್ಣಿಮೆಯಾಗಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಬುತ್ತಿ ಹೊತ್ತು ನಡೆಯುತ್ತದೆ. ಬೆಳೆ ಬೇರೆ, ತಾಯಿ ಒಬ್ಬಳೇ. ತುಳುನಾಡಿನಲ್ಲಿ ಕೆಡ್ಡಸದ ಮೂರು ದಿನ ಭೂಮಿ ಮುಟ್ಟಾಗುತ್ತಾಳೆಂದು ನೆಲವನ್ನು ಉಳುವುದಿಲ್ಲ, ಅಗೆಯುವುದಿಲ್ಲ. ಕೊಡಗಿನ ಹುತ್ತರಿಯಲ್ಲಿ ಹೊಸ ಕದಿರು ಕೊಯ್ಯುವಾಗ ‘ಪೊಲಿ’ ಎಂದು ಕೂಗುತ್ತಾರೆ. ಸಮೃದ್ಧಿ ಎಂಬ ಅರ್ಥದ ಅಚ್ಚ ದ್ರಾವಿಡ ಮಾತು ಅದು.

ಈ ಮರದ ಮೇಲೆ ಪುರಾಣದ ಬಣ್ಣ ಹೇಗೆ ಹತ್ತಿತೆಂಬುದನ್ನು ನಮ್ಮ ಹೊಲದಲ್ಲಿಯೇ ನೋಡಬಹುದು. ಚರಗದ ದಿನ ಬನ್ನಿಯ ಗಿಡದ ಬುಡದಲ್ಲೋ ಬದುವಿನಲ್ಲೋ ಐದು ಕಲ್ಲುಗಳನ್ನಿಟ್ಟು ಸುಣ್ಣ ಬಳಿದು ಪಾಂಡವರೆಂದು ಪೂಜಿಸುತ್ತಾರೆ. ಅವರ ಹಿಂದೆ ಇನ್ನೊಂದು ಕಲ್ಲನ್ನು ಕರ್ಣನೆಂದೋ ಕಳ್ಳನೆಂದೋ ಇಡುವುದುಂಟು. ಹೊಲದ ಕಲ್ಲಿಗೆ ಮಹಾಭಾರತದ ಹೆಸರು ಬಂದಿತು, ಆದರೆ ಕಲ್ಲು ಹೊಲದಲ್ಲಿಯೇ ಉಳಿಯಿತು. ಕಣದಲ್ಲಿ ರಾಶಿ ಮಾಡುವಾಗ ಸಗಣಿಯ ಮುದ್ದೆಗೆ ಗರಿಕೆ ಸಿಕ್ಕಿಸಿ ಬೆನಕನನ್ನು ಕೂರಿಸುವುದೂ ಹಾಗೆಯೇ. ಕಾಳು ಅಳೆಯುವಾಗ ‘ಒಂದು’ ಎನ್ನದೆ ‘ಲಾಭ’ ಎಂದೇ ಎಣಿಕೆ ಶುರುಮಾಡುವುದು ಯಾವ ಪುರಾಣದ್ದೂ ಅಲ್ಲ, ಅದು ಕಣದ್ದೇ.

ಜೋಕುಮಾರನನ್ನು ನೋಡಿ. ಭಾದ್ರಪದದ ಅಷ್ಟಮಿಯಂದು ಹುಟ್ಟಿ ಹುಣ್ಣಿಮೆಗೆ ಸಾಯುವ ಈ ಮಣ್ಣಿನ ದೇವರನ್ನು ಬೇವಿನೆಲೆಯ ಬುಟ್ಟಿಯಲ್ಲಿಟ್ಟು ಹೆಣ್ಣುಮಕ್ಕಳು ಮನೆಮನೆಗೆ ಹೊರುತ್ತಾರೆ. ಅವರಿಂದ ಪಡೆದ ನುಚ್ಚಂಬಲಿಯನ್ನು ರೈತರು ಹೊಲಕ್ಕೆ ಚೆಲ್ಲುತ್ತಾರೆ. ಗಣೇಶನು ಭೂಲೋಕದಲ್ಲಿ ಕಡುಬು ತಿಂದು ಹೋಗಿ ಎಲ್ಲರೂ ಸುಖವಾಗಿದ್ದಾರೆಂದು ಶಿವನಿಗೆ ಹೇಳಿದನಂತೆ. ಜೋಕುಮಾರನು ಬಡವರ ಕಷ್ಟವನ್ನು ಕಂಡು ಹೋಗಿ ಮಳೆ ಬೇಡಿದನಂತೆ. ಶಿವನ ಮನೆತನದೊಳಗೆ ಸೇರಿದ ಮೇಲೂ ಅವನು ಒಕ್ಕಲಿಗರ ಪಕ್ಷವನ್ನು ಬಿಡಲಿಲ್ಲ.

ಇನ್ನು ಬೌದ್ಧಧರ್ಮದ ಮಾತು. ಕೊಪ್ಪಳದವರಾದ ನಮಗೆ ಇದು ದೂರದ ವಿಷಯವಲ್ಲ. ಪಟ್ಟಣಕ್ಕೆ ಅಂಟಿಕೊಂಡಿರುವ ಗವಿಮಠದ ಗುಡ್ಡದಲ್ಲಿ ಮತ್ತು ಪಲ್ಲಕ್ಕಿಯಂತೆ ಬಂಡೆಗಳನ್ನು ಹೊತ್ತು ನಿಂತಿರುವ ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. 1931ರಲ್ಲಿ ಇವು ಬೆಳಕಿಗೆ ಬಂದವು. 1915ರಲ್ಲಿ ಮಸ್ಕಿಯ ಶಾಸನ ದೊರೆತು ಅದರಲ್ಲಿ ಅಶೋಕನ ಹೆಸರೇ ಇದ್ದುದು ನಾವೆಲ್ಲ ಶಾಲೆಯಲ್ಲಿ ಕಲಿತ ಸಂಗತಿ. ಕ್ರಿ.ಪೂ. 3ನೆಯ ಶತಮಾನದ, ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಈ ಶಾಸನದಲ್ಲಿ ಅರಸನು ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿತೆಂದೂ, ಜಂಬೂದ್ವೀಪದಲ್ಲಿ ಅದುವರೆಗೆ ಮನುಷ್ಯರೊಡನೆ ಬೆರೆಯದಿದ್ದ ದೇವರುಗಳು ಈಗ ಬೆರೆತರೆಂದೂ, ಈ ಫಲ ದೊಡ್ಡವರಿಗೆ ಮಾತ್ರವಲ್ಲದೆ ಸಣ್ಣವರಿಗೂ ದೊರೆಯುವಂಥದೆಂದೂ ಹೇಳಿಸಿದ್ದಾನೆ. ‘ದೇವರು ಬೆರೆತದ್ದು’ ಎಂಬ ಮಾತಿಗೆ ವಿದ್ವಾಂಸರು ಬೇರೆ ಬೇರೆ ಅರ್ಥ ಹೇಳಿದ್ದಾರೆ. ನಮ್ಮ ಗುಡ್ಡದ ಚರಿತ್ರೆಗೆ ಮಾತ್ರ ಅದು ಅಕ್ಷರಶಃ ಒಪ್ಪುತ್ತದೆ. ಅದೇ ಪಾಲ್ಕಿಗುಂಡಿನಲ್ಲಿ ಜಟಾಸಿಂಗನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬುವನು ಕೆತ್ತಿಸಿದ್ದಾನೆ. ಕೊಪಣವು ಜೈನರ ಮಹಾತೀರ್ಥವಾಗಿತ್ತು. ಅದೇ ಗುಡ್ಡದಲ್ಲಿ ಇಂದು ಗವಿಸಿದ್ಧೇಶ್ವರನ ಮಠವಿದೆ.

ಬುದ್ಧನ ಚರಿತ್ರೆಯನ್ನು ಓದುವವರು ಅದರಲ್ಲಿ ಭತ್ತದ ಗದ್ದೆಯ ವಾಸನೆಯನ್ನು ಗಮನಿಸಬೇಕು. ತಂದೆಯ ಹೆಸರು ಶುದ್ಧೋದನ, ಅಂದರೆ ಶುದ್ಧವಾದ ಅನ್ನವುಳ್ಳವನು. ಸಿದ್ಧಾರ್ಥನಿಗೆ ಮೊದಲ ಧ್ಯಾನ ಸಿದ್ಧಿಸಿದ್ದು ತಂದೆ ಹೊನ್ನಾರು ಕಟ್ಟಿದ್ದ ಉಳುಮೆಯ ಹಬ್ಬದಂದು, ನೇರಳೆ ಮರದಡಿಯಲ್ಲಿ. ಜ್ಞಾನೋದಯದ ಮುನ್ನ ಅವನ ಉಪವಾಸ ಮುರಿದದ್ದು ಸುಜಾತೆಯ ಪಾಯಸದಿಂದ. ಭಿಕ್ಷುಗಳು ಮಳೆಗಾಲದಲ್ಲಿ ಒಂದೆಡೆ ನಿಲ್ಲಬೇಕೆಂಬ ವರ್ಷಾವಾಸದ ನಿಯಮ ಹುಟ್ಟಿದ್ದು, ಅವರು ಎಳೆಯ ಹಸಿರನ್ನೂ ಸಣ್ಣ ಜೀವಿಗಳನ್ನೂ ತುಳಿದುಕೊಂಡು ತಿರುಗುತ್ತಾರೆಂದು ಜನ ದೂರಿದ್ದರಿಂದ. ಭಿಕ್ಷುವಿನ ಚೀವರವನ್ನು ತುಂಡುತುಂಡಾಗಿ ಹೊಲಿಯುವ ಮಾದರಿಯೂ ಮಗಧದ ಗದ್ದೆಬದುಗಳದೇ. ಆ ಮಡಿಗಳ ಸಾಲನ್ನು ತೋರಿಸಿ ಹಾಗೆ ಹೊಲಿಯಬಹುದೇ ಎಂದು ಬುದ್ಧನು ಆನಂದನನ್ನು ಕೇಳಿದನೆಂದು ವಿನಯಪಿಟಕ ಹೇಳುತ್ತದೆ. ಗದ್ದೆಯನ್ನು ಮೈಮೇಲೆ ಹೊದ್ದ ಧರ್ಮ ಅದು!

ದೀಘನಿಕಾಯದ ಅಗ್ಗಞ್ಞ ಸುತ್ತದಲ್ಲಿ ಒಂದು ಭತ್ತದ ಕಥೆಯೇ ಇದೆ. ಆದಿಯಲ್ಲಿ ಉಳದೆ ಬಿತ್ತದೆ, ಹೊಟ್ಟು ತೌಡುಗಳಿಲ್ಲದ ಅಕ್ಕಿ ತಾನಾಗಿ ಬೆಳೆಯುತ್ತಿತ್ತು. ಸಂಜೆ ಕೊಯ್ದರೆ ಬೆಳಗಿಗೆ ಮತ್ತೆ ಮಾಗಿರುತ್ತಿತ್ತು. ಒಬ್ಬ ಸೋಮಾರಿ ಎರಡು ಹೊತ್ತಿನದನ್ನು ಒಮ್ಮೆಗೇ ತಂದಿಟ್ಟುಕೊಂಡ. ಅವನನ್ನು ನೋಡಿ ಇನ್ನೊಬ್ಬ ಎರಡು ದಿನದ್ದು, ಮತ್ತೊಬ್ಬ ನಾಲ್ಕು ದಿನದ್ದು, ಎಂಟು ದಿನದ್ದು ಕೂಡಿಟ್ಟ. ಆಗ ಅಕ್ಕಿಗೆ ಹೊಟ್ಟು ಬಂತು, ಕೊಯ್ದಲ್ಲಿ ಮರಳಿ ಬೆಳೆಯದಾಯಿತು. ಜನ ಗದ್ದೆಗೆ ಬದು ಹಾಕಿದರು. ಬದುವಿನಿಂದ ಕಳವು, ಕಳವಿನಿಂದ ಸುಳ್ಳು, ಸುಳ್ಳಿನಿಂದ ದಂಡನೆ. ಕಡೆಗೆ ತಮ್ಮಲ್ಲೊಬ್ಬನನ್ನು ಆರಿಸಿ, ಅಕ್ಕಿಯ ಪಾಲನ್ನು ಕೊಟ್ಟು, ಮಹಾಸಮ್ಮತನೆಂಬ ಅರಸನನ್ನಾಗಿ ಮಾಡಿಕೊಂಡರು. ಇಲ್ಲಿ ದೇವತೆ ಇಲ್ಲ, ಶಾಪವಿಲ್ಲ. ಕೂಡಿಡುವ ಆಸೆಯೇ ಹೊಟ್ಟಾಗಿ ಕಾಳಿಗೆ ಹತ್ತಿತು.

ಮುಂದೆ ಮಹಾಯಾನದಲ್ಲಿ ಭತ್ತದ ತೆನೆ ಹಿಡಿದ ವಸುಧಾರೆ ಬಂದಳು. ವೈದಿಕರ ಲಕ್ಷ್ಮಿಯ ಅಕ್ಕನೋ ತಂಗಿಯೋ ಎನ್ನುವಷ್ಟು ಹೋಲಿಕೆ. ನಮ್ಮ ಪಕ್ಕದ ಡಂಬಳದಲ್ಲಿ ಹದಿನಾರು ಸೆಟ್ಟಿಗಳು ಬುದ್ಧವಿಹಾರವನ್ನು ಕಟ್ಟಿಸಿದ್ದನ್ನೂ ಅಲ್ಲಿ ತಾರಾದೇವಿಯ ಪೂಜೆ ನಡೆದದ್ದನ್ನೂ 1095ರ ಶಾಸನ ತಿಳಿಸುತ್ತದೆ. ಅಂದರೆ ಅಶೋಕನ ಬಳಿಕ ಸಾವಿರದ ಮುನ್ನೂರು ವರ್ಷಗಳಾದರೂ ಈ ಸೀಮೆಯಲ್ಲಿ ಬೌದ್ಧ ದೇವಿಗೆ ದೀಪ ಉರಿಯುತ್ತಿತ್ತು.

ಪುರಾಣಗಳ ಕಡೆಯಿಂದ ನಮಗೆ ಬಂದವಳು ಶಾಕಂಭರಿ. ಮಳೆಯಿಲ್ಲದ ಕಾಲದಲ್ಲಿ ದೇವಿ ತನ್ನ ಮೈಯಿಂದಲೇ ಕಾಯಿಪಲ್ಯ ಹುಟ್ಟಿಸಿ ಲೋಕವನ್ನು ಸಾಕುತ್ತಾಳೆಂದು ದೇವೀಮಾಹಾತ್ಮ್ಯ ಹೇಳುತ್ತದೆ. ಅವಳೇ ಬಾದಾಮಿಯ ಬನಶಂಕರಿ. ಬನದ ಹುಣ್ಣಿಮೆಯ ಹಿಂದಿನ ದಿನಗಳಲ್ಲಿ ಅವಳಿಗೆ 108 ಬಗೆಯ ಪಲ್ಯಗಳ ನೈವೇದ್ಯ. ಬರದ ಸೀಮೆಗೆ ತಕ್ಕ ದೇವಿ! ಅಕ್ಕಿಯೇ ಶ್ರೇಷ್ಠವೆಂಬ ಮಾತಿಗೆ ಕನ್ನಡದಲ್ಲಿ ಕನಕದಾಸರ ‘ರಾಮಧಾನ್ಯಚರಿತ್ರೆ’ ಉತ್ತರ ಕೊಟ್ಟಿದೆ. ಭತ್ತಕ್ಕೂ ನರೆದಲೆಗನೆಂಬ ರಾಗಿಗೂ ಜಗಳವಾಗುತ್ತದೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗಿ ಉಳಿದು ರಾಘವನ ಹೆಸರನ್ನು ಪಡೆಯುತ್ತದೆ. ಬಡವರ ಬರಗಾಲಕ್ಕೆ ಒದಗುವುದೇ ಧಾನ್ಯದ ಹಿರಿಮೆ ಎಂಬುದು ಅಲ್ಲಿನ ತೀರ್ಪು.

ಇದೇ ಎರಡು ಧರ್ಮಗಳು ವ್ಯಾಪಾರಿಗಳ ಹಡಗುಗಳಲ್ಲಿ ಪೂರ್ವದೇಶಗಳಿಗೆ ಹೋದಾಗ ಅಲ್ಲಿ ಅಕ್ಕಿಯೇ ಎಲ್ಲರ ದಿನದ ಊಟವಾಗಿತ್ತು. ಅಲ್ಲಿನ ರೈತರ ಭತ್ತದ ತಾಯಿಗೆ ನಮ್ಮ ಹೆಸರುಗಳು ಅಂಟಿಕೊಂಡವು. ಜಾವಾ ಮತ್ತು ಬಾಲಿಗಳಲ್ಲಿ ಅವಳು ದೇವಿ ಶ್ರೀ, ವಿಷ್ಣುವಿನ ಮಡದಿ. ಆದರೆ ಕಥೆ ನಮ್ಮ ಲಕ್ಷ್ಮಿಯದಲ್ಲ. ನಾಗನ ಕಣ್ಣೀರು ಮೊಟ್ಟೆಯಾಗಿ, ಆ ಮೊಟ್ಟೆಯಿಂದ ಹುಟ್ಟಿದ ಕನ್ಯೆ ಅವಳು. ಸತ್ತ ಮೇಲೆ ಅವಳನ್ನು ಹೂಳಿದ ನೆಲದಲ್ಲಿ ತಲೆಯಿಂದ ತೆಂಗು, ಮೈಯಿಂದ ಭತ್ತ ಮೊಳೆತವು. ಥಾಯ್ ದೇಶದಲ್ಲಿ ಅವಳು ಮೇ ಫೋಸೋಪ್. ಆ ಹೆಸರನ್ನು ವೈಶ್ರವಣ, ಅಂದರೆ ಕುಬೇರನ ಹೆಸರಿಗೆ ಸಂಬಂಧಿಸಿ ಹೇಳುತ್ತಾರೆ. ತಾಯ್ ಜನಾಂಗಗಳಲ್ಲಿ ಒಂದು ಸೊಗಸಾದ ಕಥೆಯಿದೆ. ಎಲ್ಲರೂ ಬುದ್ಧನಿಗೆ ಬಾಗಿದಾಗ ಭತ್ತದ ಅಜ್ಜಿಯೊಬ್ಬಳು ಬಾಗಲಿಲ್ಲ. ಮುನಿದು ಹೊರಟೇಹೋದಳು. ಲೋಕಕ್ಕೆ ಹಸಿವು ಕವಿಯಿತು. ಕೊನೆಗೆ ಅವಳನ್ನು ಮರಳಿ ಕರೆತರಬೇಕಾಯಿತು. ಹೊಸ ಧರ್ಮಕ್ಕೂ ಹಳೆಯ ಗದ್ದೆಗೂ ಆದ ರಾಜಿಯನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಬ್ಯಾಂಕಾಕಿನ ಅರಮನೆಯ ಉಳುಮೆಯ ಉತ್ಸವದಲ್ಲಿ ಇಂದಿಗೂ ಮೊದಲು ಬೌದ್ಧ ಪ್ರಾರ್ಥನೆ, ಬಳಿಕ ಬ್ರಾಹ್ಮಣರ ವಿಧಿ. 1960ರಲ್ಲಿ ಇದನ್ನು ಮತ್ತೆ ಆರಂಭಿಸಿದರು. ಬಿತ್ತಿದ ಕಾಳನ್ನು ಜನ ಆಯ್ದುಕೊಂಡು ತಮ್ಮ ಬೀಜದೊಳಗೆ ಬೆರೆಸಿಕೊಳ್ಳುತ್ತಾರೆ.

ಈ ಕಥೆಗಳನ್ನೆಲ್ಲ ಸಾಲಾಗಿಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು. ಹೆಸರು, ವಂಶಾವಳಿ, ಮಂತ್ರಗಳನ್ನು ಧರ್ಮಗಳು ಕೊಟ್ಟವು. ಎಚ್ಚರಿಕೆಯನ್ನು ಕೊಟ್ಟವನು ರೈತ. ಧಾನ್ಯ ಯಾರೊಬ್ಬರ ಸ್ವತ್ತೂ ಅಲ್ಲ, ಹಂಚದವರ ಮನೆಯಲ್ಲಿ ಅದು ನಿಲ್ಲುವುದಿಲ್ಲ ಎಂಬ ಎಚ್ಚರಿಕೆ ಅಗ್ಗಞ್ಞ ಸುತ್ತದಲ್ಲಿದೆ, ಜೋಕುಮಾರನ ವರದಿಯಲ್ಲಿದೆ, ಚರಗದಲ್ಲಿದೆ.

ಹಂಚಿಕೆಯ ಈ ನಿಯಮವನ್ನು ದೇವತೆಯ ಹೆಸರಿನಲ್ಲಿ ನೀರಿಗೂ ಅನ್ವಯಿಸಿದವರು ಬಾಲಿಯ ರೈತರು. ಅಲ್ಲಿ ‘ಸುಬಕ್’ ಎಂಬ ನೀರುಗಾರರ ಸಂಘಗಳಿವೆ. ಒಂದು ಹೊಳೆಯ ಮೇಲಿನವರು ಯಾವಾಗ ನಾಟಿ ಮಾಡಬೇಕು, ಕೆಳಗಿನವರು ಯಾವಾಗ ಎಂಬುದನ್ನು ನೀರಿನ ಗುಡಿಗಳಲ್ಲಿ ಕೂಡಿ ನಿರ್ಧರಿಸುತ್ತಾರೆ. 1970ರ ದಶಕದಲ್ಲಿ ಸರಕಾರವು ಹೊಸ ತಳಿಗಳನ್ನು ಕೊಟ್ಟು ಬಿಡುವಿಲ್ಲದೆ ಬೆಳೆಯಿರೆಂದಾಗ ಗುಡಿಯ ಪಂಚಾಂಗ ಹಿಂದೆ ಬಿತ್ತು. ನೀರಿನ ತಕರಾರು ಹೆಚ್ಚಿತು, ಕೀಟಗಳು ಮುತ್ತಿದವು. ಸ್ಟೀಫನ್ ಲ್ಯಾನ್ಸಿಂಗ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ಆ ಗುಡಿಗಳ ಕ್ರಮದಲ್ಲಿದ್ದ ಜಾಣತನವನ್ನು ಲೋಕಕ್ಕೆ ತೋರಿಸಿದರು. 2012ರಲ್ಲಿ ಯುನೆಸ್ಕೋ ಸುಬಕ್ ಪದ್ಧತಿಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ನಮ್ಮ ಹೊಳೆಗೆ ಬರೋಣ. ಆನೆಗೊಂದಿ, ಗಂಗಾವತಿಗಳ ಸುತ್ತ ವಿಜಯನಗರ ಕಾಲದ ಕಾಲುವೆಗಳ ಕೆಳಗೆ ಭತ್ತ ಹಿಂದಿನಿಂದಲೂ ಇತ್ತು, ಆದರೆ ಹೊಳೆಯ ಅಂಚಿಗೆ ಮಾತ್ರ. 1945ರಲ್ಲಿ ಅಡಿಗಲ್ಲು ಹಾಕಿದ ತುಂಗಭದ್ರಾ ಅಣೆಕಟ್ಟು 1953ರಲ್ಲಿ ನೀರು ಕೊಟ್ಟಿತು. ಹುಲಿಗೆಮ್ಮನ ಸನ್ನಿಧಿಯ ಸಮೀಪ ಮುನಿರಾಬಾದಿನಿಂದ ಹೊರಡುವ ಎಡದಂಡೆ ಕಾಲುವೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ಸಾಗಿ ರಾಯಚೂರಿನತ್ತ ಹೋಗುತ್ತದೆ. ಬರಪೀಡಿತ ಸೀಮೆಯ ಆದಷ್ಟು ಹೆಚ್ಚು ಹೊಲಗಳಿಗೆ ಸ್ವಲ್ಪಸ್ವಲ್ಪ ನೀರು ಹಂಚಿ ಜೋಳ, ಹತ್ತಿ, ಶೇಂಗಾ ಬೆಳೆಸುವುದೇ ಅದರ ಮೂಲ ಯೋಜನೆ. ಭತ್ತಕ್ಕೆ ಇಟ್ಟದ್ದು ಸಣ್ಣ ಪಾಲು. ಆದರೆ ಮೇಲ್ಭಾಗದಲ್ಲಿ ಭತ್ತವೇ ಹರಡಿತು. ಗಂಗಾವತಿ ಭತ್ತದ ಕಣಜವಾಯಿತು, ಕಾರಟಗಿಯಲ್ಲಿ ಅಕ್ಕಿ ಗಿರಣಿಗಳು ಎದ್ದವು, ಸೋನಾ ಮಸೂರಿ ದೂರದೂರಿಗೆ ಹೋಯಿತು. ಅನೇಕ ಬಡ ಸಂಸಾರಗಳು ಇದರಿಂದ ಮೇಲೆ ಬಂದವು, ಆ ಬೆಳೆಗಾರರ ದುಡಿಮೆಯನ್ನು ಯಾರೂ ಹಳಿಯುವಂತಿಲ್ಲ. ಆದರೆ ಕಾಲುವೆಯ ಕೊನೆಯಲ್ಲಿರುವ ಮಾನ್ವಿ, ಸಿರವಾರ ಭಾಗದ ರೈತರು ವರ್ಷವರ್ಷವೂ ನೀರಿಗಾಗಿ ಕೂಗಬೇಕಾಗಿದೆ. ಮೇಲ್ಭಾಗದ ಎಷ್ಟೋ ಗದ್ದೆಗಳು ಸವಳು-ಜವಳಾಗಿವೆ. ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಹೋಗಿ ತುಂಬಿದ ನೀರು ಹರಿದುಹೋದಾಗ ನಾಲ್ಕು ಜಿಲ್ಲೆಗಳ ರೈತರು ಉಸಿರು ಬಿಗಿಹಿಡಿದಿದ್ದನ್ನು ಕಂಡಿದ್ದೇವೆ.

ಒಂದು ಹೊಳೆ, ಮೇಲಿನವರು, ಕೆಳಗಿನವರು. ಬಾಲಿಯಲ್ಲಿರುವುದೂ ಇದೇ, ನಮ್ಮಲ್ಲಿರುವುದೂ ಇದೇ. ಹೊಸ ಬೆಳೆ ನಮಗೆ ಯಂತ್ರ, ಗೊಬ್ಬರ, ಸಾಲಗಳೊಂದಿಗೆ ಬಂತು. ಮೇಲಿನವನು ಕೆಳಗಿನವನಿಗೆ ಋಣಿ ಎನ್ನುವ ಆಚರಣೆ ಅದರ ಜೊತೆಗೆ ಬರಲಿಲ್ಲ. ಧಾನ್ಯಲಕ್ಷ್ಮಿಯ ಪಟ ಎಲ್ಲ ಗಿರಣಿಗಳಲ್ಲೂ ಇದೆ, ಹೊರಗಿನ ಬಣ್ಣಕ್ಕೆ ಕೊರತೆಯಿಲ್ಲ. ಕಿನ್ನಾಳದ ಕಸುಬುದಾರರನ್ನು ಕೇಳಿದರೆ ಒಳಗಿನ ಮರಕ್ಕೆ ಹುಳು ಬಿದ್ದರೆ ಲಾಜವಾರದಿಂದ ಮೂರ್ತಿ ಉಳಿಯದೆಂದು ಹೇಳುತ್ತಾರೆ.

ಹಂಚುವ ಪರಂಪರೆ ನಮ್ಮಲ್ಲಿ ಬತ್ತಿಲ್ಲ ಎಂಬುದಕ್ಕೆ ಗವಿಮಠದ ಜಾತ್ರೆಯೇ ಸಾಕ್ಷಿ. ಅಶೋಕನ ಶಾಸನವಿರುವ ಅದೇ ಗುಡ್ಡದಡಿಯಲ್ಲಿ ಪ್ರತಿ ಜನವರಿಯಲ್ಲಿ ನಡೆಯುವ ಮಹಾದಾಸೋಹಕ್ಕೆ ಸುತ್ತಣ ಹಳ್ಳಿಗಳಿಂದ ಜೋಳದ ರೊಟ್ಟಿಗಳು ಟ್ರ್ಯಾಕ್ಟರುಗಳಲ್ಲಿ ಬರುತ್ತವೆ. ಲಕ್ಷಾಂತರ ಜನ ಜಾತಿ ಕೇಳದೆ ರೊಟ್ಟಿಯನ್ನೂ ಅನ್ನವನ್ನೂ ಒಟ್ಟಿಗೆ ಉಣ್ಣುತ್ತಾರೆ. ವರ್ಷದಲ್ಲಿ ಕೆಲವು ದಿನ ರೊಟ್ಟಿಯ ವಿಷಯದಲ್ಲಿ ಸಾಧ್ಯವಾದದ್ದು, ಉಳಿದ ದಿನಗಳಲ್ಲಿ ಕಾಲುವೆಯ ನೀರಿನ ವಿಷಯದಲ್ಲಿ ಸಾಧ್ಯವಾಗಬಾರದೇಕೆ?

ಶಿಕ್ಷಕ ಮಿತ್ರರಲ್ಲಿ ನನ್ನದೊಂದು ವಿನಂತಿ. ಬರುವ ಸೀಗೆ ಹುಣ್ಣಿಮೆಗೆ ಮಕ್ಕಳನ್ನು ಹೊಲಕ್ಕೆ ಕರೆದುಕೊಂಡು ಹೋಗಿ. ಆ ಐದು ಕಲ್ಲುಗಳ ಹೆಸರನ್ನು ಅಜ್ಜಂದಿರಿಂದ ಕೇಳಿಸಿ, ಚರಗವನ್ನು ಯಾರುಯಾರಿಗಾಗಿ ಚೆಲ್ಲುತ್ತೇವೆಂದು ಅಜ್ಜಿಯರಿಂದ ಬರೆಸಿಕೊಳ್ಳಲು ಹೇಳಿ. ಮರುದಿನ ತರಗತಿಯಲ್ಲಿ ಎಡದಂಡೆ ಕಾಲುವೆಯ ನಕಾಶೆಯನ್ನು ಗೋಡೆಗೆ ತೂಗುಹಾಕಿ, ಮುನಿರಾಬಾದಿನಿಂದ ರಾಯಚೂರಿನವರೆಗೆ ಅದರ ಕೆಳಗಿರುವ ಊರುಗಳನ್ನು ಅವರಿಂದಲೇ ಓದಿಸಿ.